ಪರೀಕ್ಷೆಯ ಫಲಿತಾಂಶವೂ ಪುಣೆಯ ಕನ್ನಡಿಗರೂ

೧

ಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನಕ್ಕೆ ಮಧ್ಯಮವರ್ಗದ ಗೃಹಜೀವನದಲ್ಲಿ ಹಬ್ಬ-ಹುಣ್ಣಿಮೆಗಳಿಗೂ ಇಲ್ಲದ ಒಂದು ಗಾಂಭೀರ್ಯ ಪ್ರಾಪ್ತವಾಗಿದೆ. ಹಬ್ಬದ ದಿನ ಪಂಚಾಂಗದಿಂದ ಮೊದಲೇ ಗೊತ್ತಾಗುತ್ತದೆ. ಫಲಿತಾಂಶದ ದಿನವಾದರೋ ಮಂಡಳಿಯ ಪ್ರಕಟಣೆ ಬರುವ ವರೆಗೆ ಯಾರಿಗೂ ತಿಳಿಯದು. ಹಬ್ಬದ ಸಿದ್ಧತೆ ಕೈಗೆ ಸಂಬಂಧಿಸಿದ್ದು. ಇದರ ಸಿದ್ಧತೆ ಬಹುಮಟ್ಟಿಗೆ ಮನಸ್ಸಿಗೆ ಸಂಬಂಧಿಸಿದ್ದು. ಹೀಗಿದ್ದರೂ ವಿದ್ಯಾಭ್ಯಾಸದ ಇತಿಹಾಸವನ್ನು ಬರೆಯುವವರು ವಿಶ್ವವಿದ್ಯಾಲಯಗಳ ಸ್ಥಾಪನೆ, ಪಠ್ಯಪುಸ್ತಕಗಳ ರಚನೆ, ಬೋಧನ ಮಾಧ್ಯಮದ ವಿವಾದ ಇವುಗಳಿಗೆ ಕೊಟ್ಟ ಗಮನವನ್ನು ಈ ಒಂದು ದಿನಕ್ಕೆ ಕೊಟ್ಟುದು ವಿರಳ. ವಾಸ್ತವವಾಗಿ, ಯಾವ ಸಮಾಜವು ಯಾವ ಭಾಷೆಯ ಜ್ಞಾನವನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಯಾವುದನ್ನು ಲೆಕ್ಕದಿಂದ ಬಿಡುತ್ತದೆ ಎಂಬುದು ಫಲಿತಾಂಶದ ಕಾಗದದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಮತ್ತೆಲ್ಲಿಯೂ ಕಾಣದು.

ಪುಣೆಯ ವಾಯವ್ಯ ಭಾಗದಲ್ಲಿ, ಮುಳಾ ನದಿಯ ದಂಡೆಯ ಮೇಲೆ ವಾಕಡ ಎಂಬ ಊರಿದೆ. ಗ್ರಾಮದೇವತೆ ಮ್ಹಾತೋಬಾ. ಒಕ್ಕಲುತನವನ್ನೇ ನಂಬಿದ್ದ ಈ ಹಳ್ಳಿ, ನೆರೆಯ ಹಿಂಜವಡಿಯಲ್ಲಿ ಮಾಹಿತಿ ತಂತ್ರಜ್ಞಾನದ ಉದ್ಯಮಗಳು ನೆಲೆಗೊಂಡ ಮೇಲೆ ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಯ ವ್ಯಾಪ್ತಿಯೊಳಗಿನ ದಟ್ಟವಾದ ವಸತಿ ಪ್ರದೇಶವಾಗಿ ಬೆಳೆದಿದೆ. ಮುಂಬಯಿ-ಬೆಂಗಳೂರು ಹೆದ್ದಾರಿ ಇದರ ಮಗ್ಗುಲಲ್ಲಿಯೇ ಹಾಯ್ದುಹೋಗುತ್ತದೆ; ಅದೇ ದಾರಿ ಸಾತಾರಾ, ಕೊಲ್ಹಾಪುರಗಳನ್ನು ದಾಟಿ ಬೆಳಗಾವಿ, ಧಾರವಾಡಗಳಿಗೆ ಮುಟ್ಟುತ್ತದೆ. ಉದ್ಯೋಗವನ್ನರಸಿ ಈ ಹಾದಿಯಿಂದ ಬಂದು ನೆಲಸಿದವರಲ್ಲಿ ಕನ್ನಡ ಕುಟುಂಬಗಳೂ ಸೇರಿವೆ. ಇವರ ಮಕ್ಕಳು ಓದುವ ಶಾಲೆಗಳಲ್ಲಿ ಕೆಲವು ಕೇಂದ್ರ ಮಂಡಳಿಗೆ, ಕೆಲವು ಮಹಾರಾಷ್ಟ್ರ ರಾಜ್ಯ ಮಂಡಳಿಗೆ ಸೇರಿದವು. ೨೦೨೫ನೆಯ ಇಸವಿಯಲ್ಲಿ ಈ ಎರಡೂ ಮಂಡಳಿಗಳ ಹತ್ತನೆಯ ತರಗತಿಯ ಫಲಿತಾಂಶಗಳು ಒಂದೇ ದಿನ, ಮೇ ೧೩ರಂದು ಹೊರಬಿದ್ದವು. ರಾಜ್ಯ ಮಂಡಳಿಯಲ್ಲಿ ಶೇಕಡಾ ೯೪.೧೦, ಕೇಂದ್ರ ಮಂಡಳಿಯಲ್ಲಿ ಶೇಕಡಾ ೯೩.೬೬ ವಿದ್ಯಾರ್ಥಿಗಳು ತೇರ್ಗಡೆ ಹೊಂದಿದರು. ಕರ್ನಾಟಕದ ಎಸ್.ಎಸ್.ಎಲ್.ಸಿ. ಫಲಿತಾಂಶವಾದರೋ ಅದೇ ತಿಂಗಳ ೨ರಂದೇ ಬಂದಿತ್ತು.

ವಾಕಡದ ಕನ್ನಡ ಮನೆಗಳಲ್ಲಿ ಆ ದಿನಕ್ಕಾಗಿ ನಡೆದ ಕಾಯುವಿಕೆ ಹೊಸದಲ್ಲ. ಪುಣೆಯೂ ಮುಂಬಯಿಯೂ ಕನ್ನಡ ವಿದ್ಯಾರ್ಥಿಯ ಭವಿಷ್ಯವನ್ನು ನಿರ್ಣಯಿಸುವ ಊರುಗಳಾಗಿ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸಂದಿದೆ. ಆ ಸಂಬಂಧ ಯಾವ ಯಾವ ರೂಪಗಳನ್ನು ತಾಳಿತು, ಪ್ರತಿಯೊಂದು ಘಟ್ಟದಲ್ಲಿಯೂ ಫಲಿತಾಂಶದ ಕಾಗದದಲ್ಲಿ ಕನ್ನಡಕ್ಕೆ ಎಂತಹ ಸ್ಥಾನವಿತ್ತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

೧೮೫೪ರ ವುಡ್ಡನ ಶಿಕ್ಷಣ ಪತ್ರದ ಫಲವಾಗಿ ೧೮೫೭ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು. ಅದರ ಮೊದಲ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆ ನಡೆದುದು ೧೮೫೯ರಲ್ಲಿ. ಅಂದು ತೇರ್ಗಡೆ ಹೊಂದಿದ ಕೆಲವೇ ತರುಣರಲ್ಲಿ ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಳ ಭಾಂಡಾರಕರ ಇವರಿದ್ದರು. ಹೆಸರೇ ಸೂಚಿಸುವಂತೆ ಇದು ಶಾಲೆಯನ್ನು ಬಿಡುವವನ ಪರೀಕ್ಷೆಯಲ್ಲ, ವಿಶ್ವವಿದ್ಯಾಲಯವನ್ನು ಹೊಗುವವನ ಪರೀಕ್ಷೆ. ಆದರೆ ಜನರ ದೃಷ್ಟಿಯಲ್ಲಿ ಇವೆರಡರ ಅಂತರ ಬೇಗನೆ ಅಳಿಸಿಹೋಯಿತು. ಸರಕಾರಿ ಕಚೇರಿಯ ಕಾರಕೂನಿಕೆಗೂ ಮ್ಯಾಟ್ರಿಕ್ ಆದವನೇ ಬೇಕೆಂದಾದಾಗ, ಆ ಪರೀಕ್ಷೆಯ ಫಲಿತಾಂಶ ಒಬ್ಬ ಹುಡುಗನ ಓದಿನ ಅಳತೆಯಾಗಿ ಉಳಿಯದೆ ಒಂದು ಮನೆತನದ ಅನ್ನದ ಪ್ರಶ್ನೆಯಾಯಿತು.

ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಆಗ ಮುಂಬಯಿ ಇಲಾಖೆಯಲ್ಲಿದ್ದವು. ಅಲ್ಲಿಯ ಹುಡುಗನಿಗೆ ಎರಡು ಪರೀಕ್ಷೆಗಳು ಎದುರಾಗಿದ್ದವು. ಒಂದು, ಕನ್ನಡ ಶಾಲೆಯ ಕೊನೆಗೆ ಬರುವ ಮುಲ್ಕಿ ಪರೀಕ್ಷೆ. ಇನ್ನೊಂದು, ಇಂಗ್ಲಿಷ್ ಶಾಲೆಯ ಕೊನೆಗೆ ಬರುವ ಮ್ಯಾಟ್ರಿಕ್ ಪರೀಕ್ಷೆ. ಮುಲ್ಕಿ ಪಾಸಾದವನು ಊರ ಸಾಲಿಯ ಮಾಸ್ತರನಾಗಬಹುದಾಗಿತ್ತು, ತಲಾಟಿಯಾಗಬಹುದಾಗಿತ್ತು. ಅದರ ಪ್ರಶ್ನೆಯೂ ಉತ್ತರವೂ ಕನ್ನಡದಲ್ಲಿಯೇ. ಇಂತಹ ಒಂದು ಕನ್ನಡ ಪರೀಕ್ಷೆ ನೆಲೆಗೊಳ್ಳಲು ಮೊದಲು ಕನ್ನಡ ಶಾಲೆಗಳು ಬೇಕಾಗಿದ್ದವು. ಮರಾಠಿ ಶಾಲೆಗಳೇ ಪ್ರಬಲವಾಗಿದ್ದ ಕಾಲದಲ್ಲಿ ಅವುಗಳನ್ನು ಕಟ್ಟಿ ಬೆಳೆಸಿದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (೧೮೩೪-೧೮೮೧) ಅಗ್ರಗಣ್ಯರು. ಅವರೂ ಪುಣೆಯಲ್ಲಿ ಓದಿದವರೇ. ಪುಣೆಯಲ್ಲಿ ಪಡೆದ ವಿದ್ಯೆಯನ್ನು ಕನ್ನಡದ ಶಾಲೆಗಳಿಗೆ ಧಾರೆಯೆರೆದ ಅವರ ಜೀವನ, ಹೊರನಾಡಿನ ವಿದ್ಯಾವಂತ ಕನ್ನಡಿಗರಿಗೆ ಎಂದೆಂದಿಗೂ ಆದರ್ಶವಾದುದು.

ಮ್ಯಾಟ್ರಿಕ್ ಪರೀಕ್ಷೆಯ ರೀತಿ ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಭಾಷಾವಿಷಯಗಳ ಹೊರತು ಉಳಿದುವನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕಾಗಿತ್ತು. ಹಳ್ಳಿಯಿಂದ ಬಂದು ವಾರಾನ್ನ ಮಾಡಿಕೊಂಡು ಓದುತ್ತಿದ್ದ ಹುಡುಗನಿಗೆ ಇದು ಎರಡು ಪರೀಕ್ಷೆಗಳಿಗೆ ಸಮನಾದುದು: ಒಂದು ವಿಷಯದ್ದು, ಮತ್ತೊಂದು ಭಾಷೆಯದು. ದೇಶಭಾಷೆಗಳಿಗೆ ವಿಶ್ವವಿದ್ಯಾಲಯದಲ್ಲಿ ತಕ್ಕ ಸ್ಥಾನ ದೊರೆಯಬೇಕೆಂದು ಸೆನೆಟ್ ಸಭೆಯಲ್ಲಿ ಪ್ರಯತ್ನಿಸಿದವರಲ್ಲಿ, ಆ ವಿಶ್ವವಿದ್ಯಾಲಯದ ಮೊದಲ ಫಲಿತಾಂಶದಲ್ಲಿಯೇ ಹೆಸರು ಪಡೆದ ರಾನಡೆಯವರು ಪ್ರಮುಖರಾಗಿದ್ದರೆಂಬುದು ಸ್ಮರಣೀಯ. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದ ರಾ. ಹ. ದೇಶಪಾಂಡೆಯವರೂ ಇದೇ ವಿಶ್ವವಿದ್ಯಾಲಯದ ಪದವೀಧರರು. ಪರೀಕ್ಷೆಯಲ್ಲಿ ಗೆದ್ದವರೇ ಪರೀಕ್ಷೆಯ ಕೊರತೆಯನ್ನು ಮೊದಲು ಕಂಡರು.

ಮ್ಯಾಟ್ರಿಕ್ ಪಾಸಾದ ಕನ್ನಡ ಹುಡುಗನು ಮುಂದೆ ಹೋಗಬೇಕಾದುದು ಎಲ್ಲಿಗೆ? ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದುದು ೧೯೧೭ರಲ್ಲಿ. ಅಲ್ಲಿಯ ವರೆಗೆ ಪುಣೆಯ ಡೆಕ್ಕನ್ ಕಾಲೇಜು, ೧೮೮೫ರಲ್ಲಿ ಸ್ಥಾಪಿತವಾದ ಫರ್ಗ್ಯುಸನ್ ಕಾಲೇಜು, ಇಲ್ಲವೆ ಮುಂಬಯಿಯ ಕಾಲೇಜುಗಳೇ ಗತಿ. ೧೮೯೦ರ ಸುಮಾರಿಗೆ ಪುಣೆಯಿಂದ ಬೆಳಗಾವಿಯ ಮೇಲೆ ಲೋಂಡಾದ ವರೆಗೆ ರೈಲುಮಾರ್ಗ ಪೂರ್ತಿಯಾದುದರಿಂದ ಈ ಪ್ರಯಾಣ ಸುಲಭವಾಯಿತು. ಆಲೂರ ವೆಂಕಟರಾಯರು ಫರ್ಗ್ಯುಸನ್ನಿನಲ್ಲಿ ಓದಿ ೧೯೦೩ರಲ್ಲಿ ಬಿ.ಎ. ಆದರು. ಜಮಖಂಡಿಯ ರಾ. ದ. ರಾನಡೆಯವರು ೧೯೦೨ರಲ್ಲಿ ಮ್ಯಾಟ್ರಿಕ್ ಮುಗಿಸಿ, ಸಂಸ್ಕೃತಕ್ಕಾಗಿ ಕೊಡುತ್ತಿದ್ದ ಜಗನ್ನಾಥ ಶಂಕರಶೇಟ ವಿದ್ಯಾರ್ಥಿವೇತನವನ್ನು ಪಡೆದು ಡೆಕ್ಕನ್ ಕಾಲೇಜನ್ನು ಸೇರಿದರು. ದ. ರಾ. ಬೇಂದ್ರೆಯವರು ೧೯೧೩ರಲ್ಲಿ ಧಾರವಾಡದಲ್ಲಿ ಮ್ಯಾಟ್ರಿಕ್ ಪಾಸಾಗಿ ಪುಣೆಗೆ ಬಂದು, ೧೯೧೮ರಲ್ಲಿ ಫರ್ಗ್ಯುಸನ್ನಿನಿಂದ ಬಿ.ಎ. ಪದವಿ ಪಡೆದರು. ಅಂದಿನ ಫಲಿತಾಂಶದ ಕಾಗದವು ಕನ್ನಡ ನಾಡಿನಿಂದ ಪುಣೆಗೆ ಬರುವ ರಹದಾರಿಯಾಗಿದ್ದಿತೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು. ಆದರೆ ಆ ರಹದಾರಿಯನ್ನು ಹಿಡಿದು ಬಂದವರು ಕನ್ನಡವನ್ನು ಹಿಂದೆ ಬಿಟ್ಟು ಬರಲಿಲ್ಲ ಎಂಬುದನ್ನು ಗಮನಿಸಬೇಕು.

೩

ಸ್ವಾತಂತ್ರ್ಯಾನಂತರ ಈ ವ್ಯವಸ್ಥೆಯಲ್ಲಿ ಮಹತ್ವದ ಬದಲಾವಣೆಯಾಯಿತು. ೧೯೪೮ರಲ್ಲಿ ಮುಂಬಯಿ ಸರಕಾರವು ಮಾಧ್ಯಮಿಕ ಶಾಲಾ ಪ್ರಮಾಣಪತ್ರ ಪರೀಕ್ಷೆಯ ಕಾನೂನನ್ನು ಮಾಡಿ, ಪರೀಕ್ಷಾ ಮಂಡಳಿಯನ್ನು ಪುಣೆಯಲ್ಲಿ ಸ್ಥಾಪಿಸಿತು. ೧೯೪೯ರಲ್ಲಿ ಮೊದಲ ಎಸ್.ಎಸ್.ಸಿ. ಪರೀಕ್ಷೆ ನಡೆಯಿತು. ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಪರೀಕ್ಷೆಯ ಕಾಲ ಮುಗಿಯಿತು. ಹೀಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ವಿದ್ಯಾರ್ಥಿಗಳು ಕೆಲವು ವರ್ಷ ಪುಣೆಯ ಮಂಡಳಿಯ ಪರೀಕ್ಷೆಗೇ ಕುಳಿತರು. ಕಾಲೇಜಿಗಾಗಿ ಪುಣೆಗೆ ಬರುವ ಅವಶ್ಯಕತೆ ಕಡಿಮೆಯಾಗುತ್ತಿದ್ದ ಕಾಲದಲ್ಲಿಯೇ ಪುಣೆಯು ಇನ್ನೊಂದು ರೀತಿಯಿಂದ ಪ್ರತಿಯೊಂದು ಕನ್ನಡ ಹಾಯಸ್ಕೂಲನ್ನೂ ಮುಟ್ಟಿತು. ೧೯೪೯ರಲ್ಲಿಯೇ ಪುಣೆ ವಿಶ್ವವಿದ್ಯಾಲಯವೂ ಕರ್ನಾಟಕ ವಿಶ್ವವಿದ್ಯಾಲಯವೂ ಹುಟ್ಟಿದುದು, ಎರಡನೆಯದು ಮರುವರ್ಷ ಧಾರವಾಡದಲ್ಲಿ ನೆಲೆಗೊಂಡುದು, ಇದೇ ಪರ್ವಕಾಲದ ಘಟನೆಗಳು.

೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಆ ನಾಲ್ಕು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಅಲ್ಲಿಂದ ಮುಂದೆ ಅವುಗಳ ಪರೀಕ್ಷೆಯ ದಾರಿ ಬೆಂಗಳೂರಿನ ಕಡೆಗೆ ಹೊರಳಿತು. ೧೯೬೬ರಲ್ಲಿ ಮೈಸೂರು ರಾಜ್ಯದಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯ ಕಾನೂನು ಆಯಿತು. ಅದೇ ವರ್ಷದ ಜನವರಿ ೧ರಂದು ಪುಣೆಯಲ್ಲಿ ಮಹಾರಾಷ್ಟ್ರ ರಾಜ್ಯ ಮಂಡಳಿ ಕೆಲಸವನ್ನಾರಂಭಿಸಿತು. ಒಂದೇ ಪಟ್ಟಿಯಲ್ಲಿ ಅಚ್ಚಾಗುತ್ತಿದ್ದ ಧಾರವಾಡದ ಹುಡುಗನ ಸಂಖ್ಯೆಯೂ ಸೊಲ್ಲಾಪುರದ ಹುಡುಗನ ಸಂಖ್ಯೆಯೂ ಈಗ ಬೇರೆ ಬೇರೆ ಪಟ್ಟಿಗಳಲ್ಲಿ ಸೇರಿದವು.

ಆದರೆ ಗೆರೆಯ ಈಚೆಗೆ ಉಳಿದ ಕನ್ನಡದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ, ಗಡಹಿಂಗ್ಲಜ ತಾಲೂಕುಗಳ ಕನ್ನಡ ಮಕ್ಕಳು ಮಹಾರಾಷ್ಟ್ರ ಮಂಡಳಿಯ ವಿದ್ಯಾರ್ಥಿಗಳಾದರು. ಇಂದಿಗೂ ಆ ಮಂಡಳಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಎಂಟು ಮಾಧ್ಯಮಗಳಲ್ಲಿ ನಡೆಸುತ್ತದೆ: ಮರಾಠಿ, ಇಂಗ್ಲಿಷ್, ಹಿಂದಿ, ಉರ್ದು, ಗುಜರಾತಿ, ಕನ್ನಡ, ತೆಲುಗು, ಸಿಂಧಿ. ಸೊಲ್ಲಾಪುರ ಜಿಲ್ಲೆ ಪುಣೆ ವಿಭಾಗಕ್ಕೆ ಸೇರಿರುವುದರಿಂದ, ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಬೀಜಗಣಿತವನ್ನು ಕನ್ನಡದಲ್ಲಿಯೇ ಬರೆದ ಹುಡುಗಿಯ ಫಲಿತಾಂಶ ಪುಣೆ ವಿಭಾಗದ ಪಟ್ಟಿಯಲ್ಲಿಯೇ ಬರುತ್ತದೆ. ವಾಕಡದ ಕನ್ನಡ ಮನೆಯ ಹುಡುಗಿ ರಾಜ್ಯ ಮಂಡಳಿಯ ಶಾಲೆಯಲ್ಲಿ ಓದಿದವಳಾಗಿದ್ದರೆ ಅವಳ ಫಲಿತಾಂಶವೂ ಅದೇ ಪಟ್ಟಿಯದು. ಇಬ್ಬರ ಮಾತೃಭಾಷೆ ಒಂದೇ, ಮಂಡಳಿ ಒಂದೇ, ದಿನ ಒಂದೇ. ಆದರೆ ಒಬ್ಬಳ ಅಂಕಪಟ್ಟಿಯಲ್ಲಿ ಕನ್ನಡವಿದೆ, ಇನ್ನೊಬ್ಬಳದರಲ್ಲಿ ಇಲ್ಲ.

೪

ಫಲಿತಾಂಶಕ್ಕಾಗಿ ಮಾಡಿಕೊಳ್ಳುವ ಸಿದ್ಧತೆ ಸುದ್ದಿ ಮುಟ್ಟುವ ಸಾಧನಗಳೊಡನೆ ಬದಲಾಗುತ್ತ ಬಂದಿದೆ. ಹಿಂದೆ ತೇರ್ಗಡೆಯಾದವರ ಸಂಖ್ಯೆಗಳು ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಪತ್ರಿಕೆ ರೈಲಿನಿಂದಿಳಿದು ಊರು ಸೇರುವ ವೇಳೆಗೆ ಸ್ಟೇಶನ್ನಿನಲ್ಲಿ, ವಾಚನಾಲಯದಲ್ಲಿ ಜನ ಕೂಡುತ್ತಿದ್ದರು. ಸಣ್ಣ ಅಕ್ಷರದ ಸಾಲುಗಳಲ್ಲಿ ಸಂಖ್ಯೆ ಕಂಡರೆ ಪಾಸು, ಕಾಣದಿದ್ದರೆ ನಪಾಸು. ಅಚ್ಚಿನ ತಪ್ಪಿರಬಹುದೆಂಬ ಆಸೆಯೊಂದು ಉಳಿಯುತ್ತಿತ್ತು. ಅನುಕೂಲಸ್ಥರು ಪಟ್ಟಣದ ನೆಂಟರಿಂದ ತಾರು ತರಿಸಿಕೊಳ್ಳುತ್ತಿದ್ದರು. ಆ ತಾರಿನ ವ್ಯವಸ್ಥೆಯೂ ೨೦೧೩ರ ಜುಲೈದಲ್ಲಿ ಭಾರತದಲ್ಲಿ ಕೊನೆಗೊಂಡಿತು. ಅಂಕಗಳ ವಿವರ ಶಾಲೆಗೆ ಬರಲು ಮತ್ತೆ ಕೆಲವು ದಿನ ಹಿಡಿಯುತ್ತಿದ್ದುದರಿಂದ ದುಃಖವೂ ಸಂತೋಷವೂ ಎರಡು ಕಂತುಗಳಲ್ಲಿ ಬರುತ್ತಿದ್ದವು. ಆ ನಡುವಿನ ಅವಧಿ ಒಂದು ದೃಷ್ಟಿಯಿಂದ ಉಪಕಾರಿಯಾಗಿತ್ತು. ಮನೆಯವರಿಗೆ ಮನಸ್ಸನ್ನು ಹದಕ್ಕೆ ತಂದುಕೊಳ್ಳಲು ಅವಕಾಶ ಸಿಗುತ್ತಿತ್ತು.

ಈಗ ಆ ಅವಧಿ ಇಲ್ಲ. ಮಂಡಳಿ ಗೊತ್ತುಪಡಿಸಿದ ಗಳಿಗೆಗೆ ಮೊಬೈಲಿನ ಪರದೆಯ ಮೇಲೆಯೇ ಪ್ರತಿಯೊಂದು ವಿಷಯದ ಅಂಕವೂ ತೆರೆಯುತ್ತದೆ. ಅಂಕಪಟ್ಟಿಯ ಪ್ರತಿ ಡಿಜಿಲಾಕರಿನಲ್ಲಿ ಸಿಗುತ್ತದೆ. ಪುಣೆ, ಪಿಂಪ್ರಿ-ಚಿಂಚವಡಗಳಲ್ಲಿ ಬಹು ವರ್ಷಗಳಿಂದ ರೂಢಿಯಲ್ಲಿದ್ದ ಹನ್ನೊಂದನೆಯ ತರಗತಿಯ ಕೇಂದ್ರೀಕೃತ ಪ್ರವೇಶ ಪದ್ಧತಿ ೨೦೨೫-೨೬ರಿಂದ ರಾಜ್ಯಕ್ಕೆಲ್ಲ ವಿಸ್ತರಿಸಿತು. ಅದರ ಅರ್ಜಿಯಲ್ಲಿ ಎರಡು ಭಾಗಗಳು: ಹೆಸರು, ಜಾತಿ, ಶಾಲೆಗಳ ವಿವರ ಒಂದರಲ್ಲಿ, ಬೇಕಾದ ಕಾಲೇಜುಗಳ ಅನುಕ್ರಮ ಇನ್ನೊಂದರಲ್ಲಿ. ಆದುದರಿಂದ ಇಂದಿನ ಸಿದ್ಧತೆಯೆಂದರೆ ಹಾಲ್ ಟಿಕೆಟು, ಶಾಲೆ ಬಿಟ್ಟ ದಾಖಲೆ, ಜಾತಿ ಪ್ರಮಾಣಪತ್ರಗಳನ್ನು ಒಂದು ಫೈಲಿನಲ್ಲಿ ಜೋಡಿಸಿಡುವುದು. ಕರ್ನಾಟಕದಲ್ಲಿ ಪಿ.ಯು.ಸಿ.ಗೆ ಸೇರಿಸಬೇಕೆಂಬ ವಿಚಾರವಿದ್ದವರು ಮಂಡಳಿಯ ಮೈಗ್ರೇಶನ್ ಪ್ರಮಾಣಪತ್ರದ ಕಡೆಗೂ ಲಕ್ಷ್ಯ ಕೊಡಬೇಕಾಗುತ್ತದೆ.

ಕಾಗದಗಳ ಸಿದ್ಧತೆಯಷ್ಟೇ ಅಗತ್ಯವಾದುದು ಫಲಿತಾಂಶವನ್ನು ಓದುವ ವಿವೇಕ. ಊರಿನ ಬಂಧುಗಳು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ “ಎಷ್ಟು ಪರ್ಸೆಂಟ್ ಆತು?” ಎಂಬುದು. ಆದರೆ ಎರಡು ರಾಜ್ಯಗಳ ಶೇಕಡಾವಾರು ಅಂಕಗಳು ಒಂದೇ ತಕ್ಕಡಿಯವಲ್ಲ. ಕರ್ನಾಟಕದ ಎಸ್.ಎಸ್.ಎಲ್.ಸಿ.ಯ ಒಟ್ಟು ಅಂಕಗಳು ೬೨೫. ಪ್ರಥಮ ಭಾಷೆಗೆ ೧೨೫ ಅಂಕಗಳಿರುವುದೇ ಇದಕ್ಕೆ ಕಾರಣ. ಮಹಾರಾಷ್ಟ್ರದಲ್ಲಿ ಆರು ವಿಷಯಗಳ ೬೦೦ ಅಂಕಗಳಲ್ಲಿ, ಹೆಚ್ಚು ಅಂಕ ಬಂದ ಐದು ವಿಷಯಗಳನ್ನೇ ಹಿಡಿದು ೫೦೦ಕ್ಕೆ ಶೇಕಡಾವಾರು ತೆಗೆಯುತ್ತಾರೆ. ೨೦೨೫ರಲ್ಲಿ ಕರ್ನಾಟಕದ ರೆಗ್ಯುಲರ್ ವಿದ್ಯಾರ್ಥಿಗಳಲ್ಲಿ ತೇರ್ಗಡೆಯಾದವರು ಶೇಕಡಾ ೬೬.೧೪; ಮಹಾರಾಷ್ಟ್ರದ ೯೪.೧೦ರೊಡನೆ ಇದನ್ನು ಹೋಲಿಸಿ ಅಲ್ಲಿಯ ಮಕ್ಕಳು ದಡ್ಡರೆಂದಾಗಲಿ ಇಲ್ಲಿಯವರು ಜಾಣರೆಂದಾಗಲಿ ತೀರ್ಮಾನಿಸುವವನು ಅಳತೆಗೋಲನ್ನೇ ನೋಡದೆ ಬಟ್ಟೆಯನ್ನು ಅಳೆದವನಾಗುತ್ತಾನೆ. ಸಾಂಕ್ರಾಮಿಕದ ವರ್ಷವಾದ ೨೦೨೧ರಲ್ಲಿ ಇದು ಎಲ್ಲರ ಕಣ್ಣಿಗೂ ಬಿದ್ದಿತು. ಮಹಾರಾಷ್ಟ್ರ ಪರೀಕ್ಷೆಯನ್ನೇ ರದ್ದುಪಡಿಸಿ ಶಾಲೆಯ ಮೌಲ್ಯಮಾಪನದ ಮೇಲಿಂದ ಫಲಿತಾಂಶ ಕೊಟ್ಟಿತು. ತೇರ್ಗಡೆ ಶೇಕಡಾ ೯೯.೯೫. ಕರ್ನಾಟಕವಾದರೋ ಜುಲೈ ೧೯ ಮತ್ತು ೨೨ರಂದು ಎರಡೇ ದಿನಗಳಲ್ಲಿ ಪರೀಕ್ಷೆಯನ್ನು ನಡೆಸಿ ಮುಗಿಸಿತು. ಫಲಿತಾಂಶವೆಂಬುದು ವಿಧಿಲಿಖಿತವಲ್ಲ, ಮನುಷ್ಯರು ಆಯಾ ಕಾಲಕ್ಕೆ ಮಾಡಿಕೊಂಡ ಏರ್ಪಾಡು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮಹಾರಾಷ್ಟ್ರ ಮಂಡಳಿ ಇದನ್ನು ತಾನೂ ಕ್ರಮೇಣ ಒಪ್ಪಿಕೊಂಡಂತಿದೆ. ‘ಬೋರ್ಡಿಗೆ ಮೊದಲಿಗ’ರ ಭಾವಚಿತ್ರಗಳನ್ನು ಪತ್ರಿಕೆಗಳ ಮುಖಪುಟಕ್ಕೆ ತರುತ್ತಿದ್ದ ಗುಣಾನುಕ್ರಮ ಪಟ್ಟಿಯನ್ನು ಪ್ರಕಟಿಸುವುದನ್ನು ಅದು ಬಿಟ್ಟುಕೊಟ್ಟಿದೆ. ಹಿಂದೆ ನಪಾಸಾದವನು ಅಕ್ಟೋಬರಿನ ಪರೀಕ್ಷೆಯನ್ನು ಕಾಯಬೇಕಾಗಿತ್ತು. ಅದರೊಡನೆ ಒಂದು ವರ್ಷವೂ ಕೈಬಿಡುತ್ತಿತ್ತು. ೨೦೧೫ರಿಂದ ಜುಲೈದ ಪೂರಕ ಪರೀಕ್ಷೆ ಬಂದುದರಿಂದ ಆ ವರ್ಷ ಉಳಿಯುವಂತಾಯಿತು. ಒಂದೆರಡು ವಿಷಯಗಳಲ್ಲಿ ಉಳಿದವನೂ ಹನ್ನೊಂದನೆಯ ತರಗತಿಗೆ ಸೇರಬಹುದು. ಈ ಸಂಗತಿಗಳನ್ನು ಫಲಿತಾಂಶ ಬಂದ ಮೇಲೆ ಹುಡುಕುವುದಕ್ಕಿಂತ ಮೊದಲೇ ತಿಳಿದು, ಮಗುವಿಗೂ ತಿಳಿಸಿಟ್ಟಿರುವುದೇ ನಿಜವಾದ ಸಿದ್ಧತೆ. ಪರದೆ ತೆರೆಯುವ ಗಳಿಗೆಯಲ್ಲಿ ತಂದೆತಾಯಿಗಳ ಮುಖವನ್ನು ನೋಡುವ ಮಗುವಿಗೆ ಅಂಕಪಟ್ಟಿಗಿಂತ ಮೊದಲು ಆ ಮುಖವೇ ಫಲಿತಾಂಶ.

೫

ಇನ್ನು ಅಂಕಪಟ್ಟಿಯಲ್ಲಿಲ್ಲದ ಕನ್ನಡದ ಮಾತು. ೨೦೨೦ರ ಕಾನೂನಿನಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಇದು ನ್ಯಾಯವಾದುದೇ, ಯಾವ ನೆಲದಲ್ಲಿ ಬಾಳುವೆಯೋ ಅಲ್ಲಿಯ ಭಾಷೆಯನ್ನು ಕಲಿಯುವುದು ಕರ್ತವ್ಯವಷ್ಟೇ ಅಲ್ಲ, ಲಾಭವೂ ಅಹುದು. ಇಂಗ್ಲಿಷ್, ಮರಾಠಿ, ಹಿಂದಿ ಸೇರಿದರೆ ವಾಕಡದ ಶಾಲೆಯ ಮಗುವಿನ ಭಾಷೆಗಳ ಲೆಕ್ಕ ತುಂಬಿಹೋಗುತ್ತದೆ. ಕೇಂದ್ರ ಮಂಡಳಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆಯೆಂಬುದು ನಿಜ. ಆದರೆ ಶಾಲೆಯಲ್ಲಿ ಕಲಿಸುವವರಿಲ್ಲದೆ ಪಟ್ಟಿಯಲ್ಲಿದ್ದು ಪ್ರಯೋಜನವಿಲ್ಲ. ಪುಣೆಯ ಕನ್ನಡ ಸಂಘವು ಡಾ. ಕಲ್ಮಾಡಿ ಶಾಮರಾವ್ ಅವರ ಹೆಸರಿನ ಶಾಲೆಯನ್ನೂ, ಮುಂಬಯಿಯ ವಡಾಳದಲ್ಲಿ ನ್ಯಾಶನಲ್ ಕನ್ನಡ ಎಜ್ಯುಕೇಶನ್ ಸೊಸಾಯಿಟಿಯು ತನ್ನ ಶಾಲೆಯನ್ನೂ ಕಟ್ಟಿ ನಿಲ್ಲಿಸಿದುದರ ಬೆಲೆ ಇಲ್ಲಿ ತಿಳಿಯುತ್ತದೆ. ಆದರೆ ಹತ್ತಾರು ಮೈಲು ದೂರದ ಹೊಸ ಬಡಾವಣೆಗಳ ಮಕ್ಕಳೆಲ್ಲರಿಗೂ ಅಂತಹ ಶಾಲೆ ಎಟುಕುವುದು ಕಷ್ಟ.

ಇದರ ಪರಿಣಾಮ ಹನ್ನೆರಡನೆಯ ತರಗತಿಯ ಅನಂತರ ಒಮ್ಮೆಲೆ ಎದುರಿಗೆ ಬರುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ವೃತ್ತಿಶಿಕ್ಷಣದ ಪ್ರವೇಶದಲ್ಲಿ ಹೊರನಾಡು ಕನ್ನಡಿಗ, ಗಡಿನಾಡು ಕನ್ನಡಿಗ ಎಂಬ ಎರಡು ವರ್ಗಗಳನ್ನು ಮಾನ್ಯ ಮಾಡಿದೆ. ಹಾಗೆಂದು ಹೇಳಿಕೊಳ್ಳುವವರು ಕನ್ನಡ ಭಾಷಾ ಪರೀಕ್ಷೆಯೊಂದರಲ್ಲಿ ತೇರ್ಗಡೆ ಹೊಂದಬೇಕು. ಅದು ನಾಲ್ಕನೆಯ ತರಗತಿಯ ಮಟ್ಟದ್ದು. ಅಂಕಗಳು ೫೦, ಪಡೆಯಬೇಕಾದುದು ೧೨. ಅಕ್ಕಲಕೋಟೆಯ, ಜತ್ತಿನ ವಿದ್ಯಾರ್ಥಿಗೆ ಇದು ಪರೀಕ್ಷೆಯೇ ಅಲ್ಲ. ಗಣಿತದಲ್ಲಿ ತೊಂಬತ್ತೈದು ಅಂಕ ಪಡೆದ ನಗರದ ಕನ್ನಡ ಮಗುವಿಗೋ ಇದೇ ಎಲ್ಲಕ್ಕಿಂತ ಕಠಿನವಾದ ಪರೀಕ್ಷೆಯಾಗಬಹುದು. ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ ಎಂಬ ಸ್ಥಿತಿಯನ್ನು ಆ ದಿನ ಯಾವ ಕೋಚಿಂಗ್ ಕ್ಲಾಸೂ ಸರಿಪಡಿಸಲಾರದು.

ಪರೀಕ್ಷೆಯೊಂದೇ ವಿದ್ಯೆಯ ಅಳತೆಯಲ್ಲವೆಂಬುದು ದಿಟ. ಪ್ರಾಥಮಿಕ ಶಾಲೆಯ ಶಿಕ್ಷಕರಾಗಿ ಬದುಕನ್ನಾರಂಭಿಸಿದ ಶಂ. ಬಾ. ಜೋಶಿಯವರಿಗೆ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಆದರೂ ಮಹಾರಾಷ್ಟ್ರದ ಮೂಲವನ್ನು ಕನ್ನಡದ ಕಣ್ಣಿನಿಂದ ಶೋಧಿಸಿದರು, ೧೯೭೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು. ಆದರೆ ಅವರಿಗೆ ಕನ್ನಡ ಅಕ್ಷರಗಳಿದ್ದವು. ಅಕ್ಷರವೇ ಇಲ್ಲದವನಿಗೆ ಅಂತಹ ದಾರಿಯೂ ಇಲ್ಲ.

ಹೊರನಾಡಿನ ಕನ್ನಡ ಸಂಘಗಳು ಪ್ರತಿವರ್ಷ ಹೆಚ್ಚಿನ ಅಂಕ ಪಡೆದ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ನೀಡುವ ಪದ್ಧತ ಇದೆ. ಅದು ಸ್ತುತ್ಯವಾದುದು. ಆದರೆ ಕನ್ನಡ ಸಂಘವೊಂದು ಕನ್ನಡವಿಲ್ಲದ ಅಂಕಪಟ್ಟಿಯನ್ನೇ ನೋಡಿ ಹಾರ ಹಾಕುವಾಗ ತಾನು ಯಾವುದನ್ನು ಗೌರವಿಸುತ್ತಿದ್ದೇನೆಂದು ವಿಚಾರಿಸುವುದು ಯುಕ್ತ. ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳನ್ನು ನಡೆಸಿಕೊಂಡು ಬಂದಿದೆ. ಶಾಲೆಯ ಅಂಕಪಟ್ಟಿಯಲ್ಲಿ ದೊರೆಯದ ಸ್ಥಾನವನ್ನು ಕನ್ನಡಕ್ಕೆ ಇಂತಹ ಪರೀಕ್ಷೆಗಳಿಂದ ದೊರಕಿಸಿಕೊಡುವುದು ಸಾಧ್ಯ. ಐದನೆಯ ತರಗತಿಯಲ್ಲಿ ವಾರಕ್ಕೆ ಎರಡು ತಾಸಿನಂತೆ ಅಕ್ಷರಾಭ್ಯಾಸ ಆರಂಭಿಸಿದ ಮಗು ಹತ್ತನೆಯ ತರಗತಿಯ ಹೊತ್ತಿಗೆ ಒಂದು ಕಥೆಯನ್ನು ತಾನೇ ಓದಬಲ್ಲದು. ಮೇ ತಿಂಗಳ ಸತ್ಕಾರ ಸಮಾರಂಭದಲ್ಲಿ ಆ ಮಗುವಿನ ಹೆಸರನ್ನೂ, ಅಕ್ಕಲಕೋಟೆ-ಜತ್ತಗಳ ಕನ್ನಡ ಮಾಧ್ಯಮದ ಮಕ್ಕಳ ಹೆಸರನ್ನೂ ಮೊದಲು ಕರೆಯುವಂತಾದರೆ, ಮಿಕ್ಕ ಮನೆಗಳಿಗೆ ಅದೇ ಉಪದೇಶ.

ಮಹಾರಾಷ್ಟ್ರ ಮಂಡಳಿಯ ಫಲಿತಾಂಶವನ್ನು ತೆರೆಯಬೇಕಾದರೆ ಎರಡು ಸಂಗತಿಗಳನ್ನು ನಮೂದಿಸಬೇಕಾಗುತ್ತದೆ: ಒಂದು ಪರೀಕ್ಷಾರ್ಥಿಯ ಸಂಖ್ಯೆ, ಇನ್ನೊಂದು ತಾಯಿಯ ಹೆಸರು. ತಾಯಿಯ ಹೆಸರನ್ನು ಮಂಡಳಿ ಕೇಳುತ್ತದೆ. ತಾಯಿಯ ನುಡಿಯನ್ನು ಅದು ಕೇಳಬೇಕೆಂದು ನಿರೀಕ್ಷಿಸುವಂತಿಲ್ಲ. ಅದನ್ನು ಕೇಳಬೇಕಾದವರು ಮನೆಯವರು, ಮನೆಯ ಬೆನ್ನಿಗಿರುವ ಸಂಘದವರು. ಫಲಿತಾಂಶದ ದಿನದ ಸಿದ್ಧತೆ ಆ ಪ್ರಶ್ನೆಯಿಂದ, ಹತ್ತು ವರ್ಷ ಮುಂಚಿತವಾಗಿಯೇ ಆರಂಭವಾಗಬೇಕಾಗಿದೆ.